ಯುವನಿಧಿ ಹಣ ನಿಂತರೆ ಕಾರಣ ಹೇಳಬೇಕಾದವರು ಯಾರು?

ಭದ್ರಾದಂಡೆ:
ಎಲ್ಲರಿಗೂ ನಮಸ್ಕಾರ. ನನ್ನ ತಂಗಿ 2023ರಲ್ಲಿ ಬಿ.ಎಸ್ಸಿ. ಮುಗಿಸಿದಳು. ಓದು ಮುಗಿಸಿ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರ ತಿಂಗಳ ಭತ್ಯೆ ಕೊಡುವ ಯುವನಿಧಿ ಯೋಜನೆಗೆ ಅರ್ಜಿ ಹಾಕಿದಳು, ಅರ್ಜಿ ಮಂಜೂರಾಯಿತು, ಕೆಲವು ತಿಂಗಳು 3,000 ರೂಪಾಯಿ ಖಾತೆಗೆ ಬಂದು ಆಮೇಲೆ ನಿಂತುಹೋಯಿತು. ಅವಳಿಗೆ ಇನ್ನೂ ಕೆಲಸ ಸಿಕ್ಕಿಲ್ಲ, ಮುಂದಿನ ಓದಿಗೂ ಸೇರಿಲ್ಲ. ಅರ್ಜಿಯ ಸ್ಥಿತಿ ನೋಡಿದರೆ ಇವತ್ತಿಗೂ ‘ಅನುಮೋದಿಸಲಾಗಿದೆ’ ಎಂದೇ ಇದೆ. ಅರ್ಜಿ ಹಾಕಿದ ಕೇಂದ್ರದವರು ಬ್ಯಾಂಕಿಗೆ ಹೋಗಿ ಎನ್ನುತ್ತಾರೆ, ಬ್ಯಾಂಕಿನವರು ನಮ್ಮಲ್ಲೇನೂ ತಡೆ ಇಲ್ಲ ಎನ್ನುತ್ತಾರೆ, ಜಿಲ್ಲೆಯ ಕಚೇರಿಯಲ್ಲಿ ‘ಮೇಲಿನಿಂದ ಬಂದಿಲ್ಲ’ ಎಂಬ ಒಂದೇ ಮಾತು. ಹಣ ನಿಂತದ್ದಕ್ಕಿಂತ, ಯಾಕೆ ನಿಂತಿತೆಂದು ಹೇಳುವವರು ಯಾರೂ ಇಲ್ಲವಲ್ಲ ಎಂಬುದೇ ನನಗೆ ಹೆಚ್ಚಿನ ಸಂಕಟ ತಂದಿದೆ.

ನನ್ನ ಪ್ರಶ್ನೆ ಇಷ್ಟು. ಫಲಾನುಭವಿ ಪ್ರತಿ ತಿಂಗಳು 25ನೇ ತಾರೀಖಿನೊಳಗೆ ತಾನು ಇನ್ನೂ ನಿರುದ್ಯೋಗಿ ಎಂದು ಸ್ವಯಂ ಘೋಷಣೆ ಸಲ್ಲಿಸಬೇಕೆಂದು ಯೋಜನೆ ಶುರುವಾದಾಗಲೇ ಹೇಳಿದ್ದರು. ಅವಳಿಗೆ ಹೀಗೆ ಗಡುವಿದೆ. ಹಣ ಹಾಕಬೇಕಾದವರಿಗೆ, ತಡೆದರೆ ಕಾರಣ ತಿಳಿಸಬೇಕಾದವರಿಗೆ ಯಾವ ಗಡುವಿದೆ? ಯಾವ ಅಧಿಕಾರಿಯ ಹೆಸರಿಗೆ ಅರ್ಜಿ ಬರೆದರೆ ಆತ ಉತ್ತರ ಕೊಡಲೇಬೇಕು? ತಿಳಿದವರು ದಯವಿಟ್ಟು ಹೇಳಿ.

ಗ್ರಾಮ ಒನ್ ನಿರ್ವಾಹಕ:
ಸರ್, ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ನೇರ ನಗದು ವರ್ಗಾವಣೆಯಲ್ಲಿ ಹಣ ಹೋಗುವುದು ನೀವು ಅರ್ಜಿಯಲ್ಲಿ ಬರೆದ ಖಾತೆಗಲ್ಲ. ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ಮ್ಯಾಪಿಂಗ್‌ನಲ್ಲಿ ಆಧಾರ್ ಸಂಖ್ಯೆಗೆ ಕೊನೆಯದಾಗಿ ಯಾವ ಬ್ಯಾಂಕ್ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಓದುವಾಗ ಒಂದು ಖಾತೆ, ಆಮೇಲೆ ಯಾವುದೋ ಆ್ಯಪ್ ಮೂಲಕ ತೆರೆದ ಇನ್ನೊಂದು ಖಾತೆ ಇರುವ ಮಕ್ಕಳು ನಮ್ಮಲ್ಲಿಗೆ ಬಹಳ ಬರುತ್ತಾರೆ. ಎರಡನೆಯ ಖಾತೆ ತೆರೆಯುವಾಗ ಆಧಾರ್ ಜೋಡಣೆಗೆ ಒಪ್ಪಿಗೆ ಒತ್ತಿದ್ದು ಅವರಿಗೆ ನೆನಪೇ ಇರುವುದಿಲ್ಲ. ‘ಡಿಬಿಟಿ ಕರ್ನಾಟಕ’ ಆ್ಯಪ್‌ನಲ್ಲಿ ಯಾವ ಯೋಜನೆಯ ಹಣ ಯಾವ ಖಾತೆಗೆ, ಯಾವ ದಿನ ಹೋಗಿದೆ ಎಂಬುದು ಕಾಣುತ್ತದೆ. ತಂಗಿಯ ಮೊಬೈಲಿನಲ್ಲೇ ನೋಡಬಹುದು.

ಭದ್ರಾದಂಡೆ:
ನೋಡಿದ್ದೇವೆ ಸರ್. ಅವಳಿಗೆ ಇರುವುದು ಒಂದೇ ಖಾತೆ, ವಿದ್ಯಾರ್ಥಿವೇತನವೂ ಅದಕ್ಕೇ ಬಂದಿತ್ತು. ಆ್ಯಪ್‌ನಲ್ಲಿ ಹಣ ಬಂದ ತಿಂಗಳುಗಳ ವಿವರವಿದೆ. ಬಾರದ ತಿಂಗಳುಗಳು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ತಿರಸ್ಕೃತವಾಗಿದ್ದರೆ ತಿರಸ್ಕೃತ ಎಂದಾದರೂ ಇರಬೇಕಲ್ಲವೇ?

ತೆರಿಗೆದಾರ:
ಇನ್ನೊಂದು ಬದಿಯನ್ನೂ ಹೇಳಬೇಕಾಗಿದೆ. ಇದು ನಮ್ಮೆಲ್ಲರ ತೆರಿಗೆ ಹಣ. ಅಂಗಡಿಗಳಲ್ಲಿ, ಖಾಸಗಿ ಶಾಲೆಗಳಲ್ಲಿ, ಲೆಕ್ಕಪರಿಶೋಧಕರ ಕಚೇರಿಗಳಲ್ಲಿ ನಗದು ಸಂಬಳ ಪಡೆಯುತ್ತಲೇ ‘ನಿರುದ್ಯೋಗಿ’ ಎಂದು ಘೋಷಿಸಿಕೊಂಡವರನ್ನು ನಾನು ಬಲ್ಲೆ. ಪರಿಶೀಲನೆ ಮಾಡದೆ ಹಣ ಹಂಚಿದರೆ ಮೊದಲು ಬೈಯುವವರೂ ನಾವೇ. ಕಟ್ಟುನಿಟ್ಟು ಇರುವಲ್ಲಿ ಸ್ವಲ್ಪ ತಡವಾಗುತ್ತದೆ. ಅದನ್ನು ಸಹಿಸಿಕೊಳ್ಳಬೇಕು.

ರಾಯಚೂರಿನ ಸಹಾಯಕಿ:
ತೆರಿಗೆದಾರರೇ, ಪರಿಶೀಲನೆ ಬೇಡವೆಂದು ಇಲ್ಲಿ ಯಾರೂ ಹೇಳಿಲ್ಲ. ಪರಿಶೀಲನೆಯಲ್ಲಿ ಏನು ಸಿಕ್ಕಿತೆಂದು ತಿಳಿಸಿ ಎಂದಷ್ಟೇ ಕೇಳುತ್ತಿದ್ದಾರೆ. ‘ನಿಮ್ಮ ಹೆಸರಿನಲ್ಲಿ ಭವಿಷ್ಯನಿಧಿ ವಂತಿಗೆ ಕಂಡುಬಂದಿದೆ, ಆದ್ದರಿಂದ ನಿಲ್ಲಿಸಿದ್ದೇವೆ, ತಕರಾರಿದ್ದರೆ ಇಷ್ಟು ದಿನದೊಳಗೆ ಇಂಥವರ ಮುಂದೆ ಹೇಳಿ’ ಎಂಬ ಎರಡು ಸಾಲಿನ ಸಂದೇಶ ಕಳುಹಿಸುವುದರಿಂದ ಬೊಕ್ಕಸಕ್ಕೆ ಏನು ನಷ್ಟ? ಕಳ್ಳನಿಗೂ ಆರೋಪಪಟ್ಟಿ ಕೊಡುವ ದೇಶ ನಮ್ಮದು.

ಕಾನೂನು ವಿದ್ಯಾರ್ಥಿ:
ಭದ್ರಾದಂಡೆಯವರ ಪ್ರಶ್ನೆಗೆ ನೇರವಾಗಿ ಉತ್ತರಿಸಬೇಕಾದರೆ, ನಿರುದ್ಯೋಗಕ್ಕೆ ಸಿಗುವ ನೆರವು ನಮ್ಮಲ್ಲಿ ಯಾವ ಆಧಾರದ ಮೇಲೆ ನಿಂತಿದೆ ಎಂಬುದನ್ನು ಮೊದಲು ನೋಡಬೇಕು. ಸಂವಿಧಾನದ 41ನೇ ವಿಧಿ ನಿರುದ್ಯೋಗ, ಮುಪ್ಪು, ಕಾಯಿಲೆಯ ಸಂದರ್ಭದಲ್ಲಿ ಸರ್ಕಾರದ ನೆರವಿನ ಹಕ್ಕನ್ನು ಹೆಸರಿಸುತ್ತದೆ. ಆದರೆ ಅದು ರಾಜ್ಯನೀತಿಯ ನಿರ್ದೇಶಕ ತತ್ವ. 37ನೇ ವಿಧಿಯ ಪ್ರಕಾರ ಅದನ್ನಷ್ಟೇ ಹಿಡಿದು ನ್ಯಾಯಾಲಯಕ್ಕೆ ಹೋಗಲಾಗದು. ಅದರ ಕೆಳಗೆ ಬರುವ ಯೋಜನೆಗಳಲ್ಲಿ ಕೆಲವು ಶಾಸನದಿಂದ ಹುಟ್ಟಿದವು, ಕೆಲವು ಕಾರ್ಮಿಕರ ವಂತಿಗೆಯಿಂದ ನಡೆಯುವ ವಿಮೆ, ಕೆಲವು ಬರೀ ಸರ್ಕಾರಿ ಆದೇಶ. ಯುವನಿಧಿ ಕೊನೆಯ ಗುಂಪಿನದು. 2023ರ ಮಾರ್ಚ್‌ನಲ್ಲಿ ಬೆಳಗಾವಿಯಲ್ಲಿ ಚುನಾವಣಾ ಭರವಸೆಯಾಗಿ ಘೋಷಣೆಯಾಗಿ, ಜೂನ್‌ನಲ್ಲಿ ಆದೇಶವಾಗಿ, ಡಿಸೆಂಬರ್ 26ರಂದು ನೋಂದಣಿ ಆರಂಭವಾಗಿ, 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆಯಿತು. ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500, ಗರಿಷ್ಠ 24 ತಿಂಗಳು. ಇದರ ಹಿಂದೆ ವಿಧಾನಮಂಡಲ ಅಂಗೀಕರಿಸಿದ ಪ್ರತ್ಯೇಕ ಕಾಯ್ದೆ ಇಲ್ಲ. ಹಾಗಾಗಿ ಕಾಯ್ದೆಯಲ್ಲಿ ಇರಬಹುದಾಗಿದ್ದ ಗಡುವು, ಮೇಲ್ಮನವಿ, ವಿಳಂಬಕ್ಕೆ ದಂಡ ಇವುಗಳಿಗೆ ಕಾಯ್ದೆಯ ಬಲವೂ ಇಲ್ಲ.

ಇದನ್ನು ಹಳ್ಳಿಗಳ ಕೂಲಿಕಾರರಿಗಾಗಿ ಬಂದ 2005ರ ಉದ್ಯೋಗ ಖಾತರಿ ಕಾಯ್ದೆಯ ಪಕ್ಕದಲ್ಲಿಟ್ಟು ನೋಡಿ. ಅದರ ಜಾಗಕ್ಕೆ 2025ರ ಡಿಸೆಂಬರ್‌ನಲ್ಲಿ ಹೊಸ ಕಾಯ್ದೆ ಅಂಗೀಕಾರವಾಯಿತು, ನಾನು ಹೇಳುತ್ತಿರುವುದು 2005ರ ಪಠ್ಯ. ಕೆಲಸ ಕೇಳಿ 15 ದಿನ ಕಳೆದರೂ ಕೆಲಸ ಕೊಡದಿದ್ದರೆ 7ನೇ ಕಲಮಿನ ಪ್ರಕಾರ ನಿರುದ್ಯೋಗ ಭತ್ಯೆ ಕೊಡಬೇಕು. ಮೊದಲ 30 ದಿನ ಕೂಲಿಯ ಕಾಲುಭಾಗಕ್ಕೆ ಕಡಿಮೆಯಿಲ್ಲದಂತೆ, ಆಮೇಲೆ ಅರ್ಧಕ್ಕೆ ಕಡಿಮೆಯಿಲ್ಲದಂತೆ. ಪಾವತಿಗೂ 15 ದಿನದ ಗಡುವು ಅದೇ ಕಲಮಿನಲ್ಲಿದೆ. ನನಗೆ ಅತ್ಯಂತ ಮುಖ್ಯವೆನಿಸುವುದು 8ನೇ ಕಲಮು. ಭತ್ಯೆಯನ್ನು ಸಕಾಲದಲ್ಲಿ ಕೊಡಲಾಗದಿದ್ದರೆ ಕಾರ್ಯಕ್ರಮಾಧಿಕಾರಿಯು ಜಿಲ್ಲಾ ಸಂಯೋಜಕರಿಗೆ ವರದಿ ಮಾಡಬೇಕು, ಕಾರಣವನ್ನು ತನ್ನ ಕಚೇರಿಯ ಮತ್ತು ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಹಚ್ಚಬೇಕು. ಕೊಡದ ಪ್ರತಿಯೊಂದು ಪ್ರಕರಣವೂ ಕಾರಣಸಹಿತವಾಗಿ ವಾರ್ಷಿಕ ವರದಿಗೆ ಹೋಗಬೇಕು. ಯುವನಿಧಿಯ ಆದೇಶಕ್ಕೆ ಇಂಥದೊಂದು ಪುಟ ಸೇರಿಸಿದರೂ ನಾವು ಕೇಳುತ್ತಿರುವುದರಲ್ಲಿ ಮುಕ್ಕಾಲು ಪಾಲು ಸಿಗುತ್ತದೆ.

ಹಳೆಯ ಖಜಾನೆಯವನು:
ಕಾಯ್ದೆಯ ಪಠ್ಯ ಚೆನ್ನಾಗಿದೆ ತಮ್ಮಾ. ಆ ಫಲಕದಲ್ಲಿ ಅಂಥ ಕಾಗದವನ್ನು ಕಂಡವರು ಇಲ್ಲಿ ಯಾರಾದರೂ ಇದ್ದರೆ ಕೈಯೆತ್ತಲಿ.

ರಾಯಚೂರಿನ ಸಹಾಯಕಿ:
ನಾನು ಕಂಡಿಲ್ಲ. ಕೂಲಿಕಾರರ ಜತೆ ಪಂಚಾಯಿತಿಗಳಿಗೆ ಹೋಗುವುದೇ ನನ್ನ ಕೆಲಸವಾದ್ದರಿಂದ ಯಾಕೆ ಕಾಣಲಿಲ್ಲವೆಂಬುದನ್ನೂ ಹೇಳಬಲ್ಲೆ. ಭತ್ಯೆಯ ಹಕ್ಕು ಶುರುವಾಗುವುದು ಕೆಲಸ ಕೇಳಿದ ದಿನದಿಂದ. ಕೇಳಿದ್ದಕ್ಕೆ ಸಾಕ್ಷಿ ನಮೂನೆ 6ರ ಅರ್ಜಿಗೆ ಕೊಡುವ ದಿನಾಂಕ ಹಾಕಿದ ಸ್ವೀಕೃತಿ. ಎಷ್ಟೋ ಕಡೆ ಅರ್ಜಿ ತೆಗೆದುಕೊಳ್ಳುತ್ತಾರೆ, ಸ್ವೀಕೃತಿ ಮಾತ್ರ ಕೊಡುವುದಿಲ್ಲ. ‘ಇಟ್ಟು ಹೋಗಿ, ಕೆಲಸ ತೆಗೆದಾಗ ಕಾಯಕಬಂಧು (ಕೂಲಿ ಗುಂಪಿನ ಮೇಸ್ತ್ರಿ) ಹೇಳುತ್ತಾನೆ’ ಎನ್ನುತ್ತಾರೆ. ಕೆಲಸ ಕೊಡಲು ಸಾಧ್ಯವಾದಾಗ, ಅದೇ ವಾರದ ದಿನಾಂಕ ಹಾಕಿ ಬೇಡಿಕೆಯನ್ನು ಗಣಕಕ್ಕೆ ಏರಿಸುತ್ತಾರೆ. ಕಡತದಲ್ಲಿ ಬೇಡಿಕೆಯೂ ಕೆಲಸವೂ ಒಟ್ಟೊಟ್ಟಿಗೆ ಹುಟ್ಟಿದಂತೆ ಕಾಣುತ್ತವೆ, ವಿಳಂಬವೆಂಬುದೇ ಇರುವುದಿಲ್ಲ, ಭತ್ಯೆಯ ಮಾತು ಬರುವುದೇ ಇಲ್ಲ.

ಹೆಣ್ಣುಮಕ್ಕಳು ಪಂಚಾಯಿತಿ ಕಟ್ಟೆಯ ಮೇಲೆ ಕುಳಿತು, ಸೀಲು ಒತ್ತಿದ ಚೀಟಿ ಕೈಗೆ ಬರುವವರೆಗೂ ಏಳುವುದಿಲ್ಲವೆಂದು ಹಟ ಹಿಡಿದದ್ದನ್ನು ನಾನು ನೋಡಿದ್ದೇನೆ. ಅವರಿಗೆ ಕಲಮುಗಳ ಸಂಖ್ಯೆ ಗೊತ್ತಿರಲಿಲ್ಲ. ಆ ಚೀಟಿ ಇದ್ದರೆ ಪಿಡಿಒ ಫೋನು ಎತ್ತುತ್ತಾರೆ, ಇಲ್ಲದಿದ್ದರೆ ಎತ್ತುವುದಿಲ್ಲ ಎಂಬುದು ಚೆನ್ನಾಗಿ ಗೊತ್ತಿತ್ತು. ದಿನಾಂಕವಿರುವ ಕಾಗದವೊಂದು ಫಲಾನುಭವಿಯ ಕೈಯಲ್ಲಿ ಇರಬೇಕು. ಯುವನಿಧಿಯಲ್ಲಿ ಸ್ವಯಂ ಘೋಷಣೆ ಸಲ್ಲಿಸಿದಾಗಲೂ ಅಂಥ ಸ್ವೀಕೃತಿಯನ್ನು ಮುದ್ರಿಸಿಕೊಂಡು ಇಟ್ಟುಕೊಳ್ಳಿ ಎಂದು ಪರಿಚಯದ ಮಕ್ಕಳಿಗೆಲ್ಲ ಹೇಳುತ್ತಿದ್ದೇನೆ.

ಬಯಲುಸೀಮೆ:
ಅಷ್ಟೆಲ್ಲ ಹೋರಾಡಿ ಸಿಗುವ ಭತ್ಯೆ ಎಷ್ಟು? ಅದಕ್ಕಿಂತ ಬೇರೆ ಕೂಲಿಗೆ ಹೋಗುವುದು ಮೇಲಲ್ಲವೇ?

ಕಾನೂನು ವಿದ್ಯಾರ್ಥಿ:
2024-25ರಲ್ಲಿ ಕರ್ನಾಟಕದ ಖಾತರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಅದರ ಕಾಲುಭಾಗವೆಂದರೆ ಸುಮಾರು 87 ರೂಪಾಯಿ. ಮೊತ್ತ ಸಣ್ಣದು, ಒಪ್ಪುತ್ತೇನೆ. ಆದರೆ ಕಾಯ್ದೆಯ ಪ್ರಕಾರ ಆ ಭತ್ಯೆಯ ಹೊರೆ ರಾಜ್ಯ ಸರ್ಕಾರದ್ದು, ಕೇಂದ್ರದ ಹಣದಿಂದ ಅದನ್ನು ತುಂಬಿಸಿಕೊಳ್ಳುವಂತಿಲ್ಲ. ಕೆಲಸ ಕೊಡದಿದ್ದರೆ ತಮ್ಮ ಕಿಸೆಯಿಂದ ಕೊಡಬೇಕಾಗುತ್ತದೆ ಎಂಬ ಭಯವಿದ್ದರೆ ಆಡಳಿತ ಮೊದಲೇ ಕೆಲಸ ಹುಡುಕುತ್ತದೆ ಎಂಬುದು ಅದನ್ನು ಬರೆದವರ ಲೆಕ್ಕಾಚಾರ. ಸಹಾಯಕಿ ಮೇಡಂ ಹೇಳಿದಂತೆ, ಸ್ವೀಕೃತಿ ಕೊಡದಿದ್ದರೆ ಆ ಭಯವೂ ಉಳಿಯುವುದಿಲ್ಲ.

ಪೀಣ್ಯದ ಫಿಟ್ಟರ್:
ವಿಮೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಇಲ್ಲಿ ಬಹಳ ಮಂದಿಗೆ ಇ.ಎಸ್.ಐ., ಅಂದರೆ ಕಾರ್ಮಿಕರ ರಾಜ್ಯ ವಿಮೆ, ಎಂದರೆ ಆಸ್ಪತ್ರೆ ಎಂದಷ್ಟೇ ಗೊತ್ತು. ಅದರಲ್ಲಿ ನಿರುದ್ಯೋಗದ ಪರಿಹಾರವೂ ಇದೆ. 2018ರ ಜುಲೈ 1ರಿಂದ ‘ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ’ ಎಂಬ ಹೆಸರಿನಲ್ಲಿ ಬಂತು. ಕೆಲಸ ಹೋದವರಿಗೆ ಸರಾಸರಿ ದಿನಗಳಿಕೆಯ ಶೇ 25ರಷ್ಟನ್ನು ಗರಿಷ್ಠ 90 ದಿನ, ಅದೂ ಜೀವನದಲ್ಲಿ ಒಂದೇ ಬಾರಿ, ಕೊಡುವ ವ್ಯವಸ್ಥೆ. ಮೊದಲಿದ್ದ ನಿಯಮ ಹೇಗಿತ್ತೆಂದರೆ, ಕೆಲಸ ಕಳೆದುಕೊಂಡು 90 ದಿನ ಕಾಯಬೇಕು ಮತ್ತು ಅರ್ಜಿ ಹಳೆಯ ಮಾಲೀಕರ ಮೂಲಕವೇ ಬರಬೇಕು. ಕಾರ್ಖಾನೆಯ ಬಾಗಿಲಿಗೆ ಬೀಗ ಬಿದ್ದ ಮೇಲೆ ಮಾಲೀಕರನ್ನು ಎಲ್ಲಿ ಹುಡುಕುವುದು? ಕೆಲಸ ಬಿಡಿಸಿದವನ ಸಹಿಯನ್ನೇ ಬೇಡಿಕೊಂಡು ತಾ ಎಂದರೆ ಯಾರು ತಂದಾರು?

2020ರಲ್ಲಿ ಲಾಕ್‌ಡೌನ್ ಆದ ಮೇಲೆ ನಿಯಮ ಸಡಿಲವಾಯಿತು. ಶೇ 25 ಇದ್ದದ್ದು ಶೇ 50 ಆಯಿತು, 90 ದಿನದ ಕಾಯುವಿಕೆ 30ಕ್ಕೆ ಇಳಿಯಿತು, ಕಾರ್ಮಿಕನೇ ನೇರವಾಗಿ ಶಾಖಾ ಕಚೇರಿಗೆ ಅರ್ಜಿ ಕೊಡಬಹುದೆಂದಾಯಿತು. ಛಾಪಾ ಕಾಗದದ ಪ್ರಮಾಣಪತ್ರದ ಹೊರೆಯನ್ನೂ ಅದೇ ವರ್ಷ ತೆಗೆದರು. ನಾನು ಹಣ ಪಡೆದದ್ದು ಈ ಬದಲಾವಣೆಗಳ ನಂತರವೇ. ನಮ್ಮ ಜತೆಯ ಕೆಲವರಿಗೆ ಆಗಲೂ ಸಿಗಲಿಲ್ಲ, ಏಕೆಂದರೆ ಕೊನೆಯ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಇರಬೇಕು. ಸಂಬಳದಿಂದ ಹಣ ಮುರಿದುಕೊಂಡಿದ್ದ ಗುತ್ತಿಗೆದಾರ ಅದನ್ನು ಕಟ್ಟಿರಲೇ ಇಲ್ಲ. ತಪ್ಪು ಅವನದು, ಹಣ ಕಳೆದುಕೊಂಡದ್ದು ಇವರು. ವಂತಿಗೆ ಕಟ್ಟಿಸಿಕೊಳ್ಳುವುದು ಯಾರ ಹೊಣೆ ಎಂದು ಕೇಳಿದರೆ ಅಲ್ಲಿಯೂ ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಾರೆ.

ತೆರಿಗೆದಾರ:
ನೋಡಿ, ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ವಂತಿಗೆ ಕಟ್ಟಿದವನದು ಹಕ್ಕು. ಅವನಿಗೆ ಒಂದು ದಿನವೂ ತಡಮಾಡಬಾರದು. ಯುವನಿಧಿ ಹಾಗಲ್ಲ, ಅಲ್ಲಿ ಯಾರೂ ಏನೂ ಕಟ್ಟಿಲ್ಲ.

ಪೀಣ್ಯದ ಫಿಟ್ಟರ್:
ಸರ್, ಆ ಹುಡುಗಿಯ ಅಪ್ಪ ಬೆಂಕಿಪೊಟ್ಟಣ ಕೊಂಡಾಗಲೂ ತೆರಿಗೆ ಕಟ್ಟಿದ್ದಾನೆ. ‘ತೆರಿಗೆದಾರ’ ಎಂಬ ಹೆಸರು ನಿಮ್ಮೊಬ್ಬರದಲ್ಲ. ಈ ಮಾತನ್ನು ಗೌರವದಿಂದಲೇ ಹೇಳುತ್ತಿದ್ದೇನೆ.

ಹಳೆಯ ಖಜಾನೆಯವನು:
ನಾನು ಸರ್ಕಾರಿ ಲೆಕ್ಕದ ಕೆಲಸದಲ್ಲಿ ಬಹುಕಾಲ ಇದ್ದವನು. ‘ಮೇಲಿನಿಂದ ಬಂದಿಲ್ಲ’ ಎಂಬ ಮಾತಿನ ಹಿಂದೆ ಏನೇನಿರಬಹುದು ಎಂಬುದನ್ನು ಬಿಡಿಸಿ ಹೇಳುತ್ತೇನೆ. ಆಯವ್ಯಯದಲ್ಲಿ ಒಂದು ಮೊತ್ತ ಬರೆದ ಮಾತ್ರಕ್ಕೆ ಅದು ಇಲಾಖೆಯ ಕೈಗೆ ಬಂದಂತಲ್ಲ. ಆರ್ಥಿಕ ಇಲಾಖೆ ಅದನ್ನು ಕಂತುಗಳಲ್ಲಿ ಬಿಡುಗಡೆ ಮಾಡುತ್ತದೆ. ಬಿಡುಗಡೆಯಾದ ಮೇಲೆ ಇಲಾಖೆ ಫಲಾನುಭವಿಗಳ ಪಟ್ಟಿಯೊಂದಿಗೆ ಖಜಾನೆ-2 ಎಂಬ ಸರ್ಕಾರಿ ಪಾವತಿ ತಂತ್ರಾಂಶದಲ್ಲಿ ಬಿಲ್ಲು ಸಲ್ಲಿಸಬೇಕು, ಖಜಾನೆ ಅಂಗೀಕರಿಸಬೇಕು, ಆಮೇಲೆ ಬ್ಯಾಂಕುಗಳ ಮೂಲಕ ಆಧಾರ್ ಆಧಾರಿತ ಪಾವತಿ. ಕಂತು ಬಾರದೆ ನಿಂತದ್ದು ಬೇರೆ, ಪಟ್ಟಿಯಲ್ಲಿ ಹೆಸರೇ ಇಲ್ಲದ್ದು ಬೇರೆ, ಹೆಸರಿದ್ದು ಪಾವತಿ ವಿಫಲವಾಗಿ ಮರಳಿದ್ದು ಬೇರೆ. ಈ ಮೂರಕ್ಕೂ ಪರಿಹಾರ ಬೇರೆ ಬೇರೆ ಕಡೆ ಇದೆ. ಕಿಟಕಿಯ ಬಳಿ ನಿಂತ ಹುಡುಗಿಗೆ ಮಾತ್ರ ಮೂರಕ್ಕೂ ಒಂದೇ ಉತ್ತರ ಸಿಗುತ್ತದೆ.

ಕಿಟಕಿಯ ಆಚೆ ಕುಳಿತ ಗುಮಾಸ್ತನ ಪರವಾಗಿಯೂ ಒಂದು ಮಾತು. ತೀರ್ಮಾನದ ಕೀಲಿಯೆಲ್ಲ ಬೆಂಗಳೂರಿನ ಗಣಕದಲ್ಲಿ ಇಟ್ಟು, ಬೈಗುಳ ತಿನ್ನಲು ಜಿಲ್ಲೆಯಲ್ಲಿ ಒಬ್ಬನನ್ನು ಕೂರಿಸಿದರೆ ಅವನು ತಾನೇ ಏನು ಹೇಳಿಯಾನು? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೇವೆ. ಈಗಿನ ಪೂಜಾರಿಯ ಕೈಯಲ್ಲಿ ಗರ್ಭಗುಡಿಯ ಬೀಗವೇ ಇಲ್ಲ. ಹೊಣೆಗಾರಿಕೆ ಎಂದರೆ ಕೆಳಗಿನವನ ಕೊರಳು ಹಿಡಿಯುವುದು ಎಂದಾಗಬಾರದು. ಪಟ್ಟಿ ತಯಾರಿಸುವವರು ಯಾರು, ಹೆಸರು ತೆಗೆಯುವ ಅಧಿಕಾರ ಯಾರದು ಎಂಬುದು ಹುದ್ದೆಯ ಹೆಸರಿನ ಸಮೇತ ಪ್ರಕಟವಾಗಬೇಕು.

ಗಣಕ ತಂತ್ರಜ್ಞ:
ಇದೆಲ್ಲದಕ್ಕೂ ಸುಲಭದ ದಾರಿಯೊಂದಿದೆ. ಸ್ವಯಂ ಘೋಷಣೆಯನ್ನೇ ತೆಗೆದುಹಾಕಿ, ಭವಿಷ್ಯನಿಧಿ, ಇ.ಎಸ್.ಐ., ಆದಾಯ ತೆರಿಗೆ, ಜಿಎಸ್‌ಟಿ ದತ್ತಾಂಶಗಳೊಂದಿಗೆ ತಂತ್ರಾಂಶವೇ ತಾಳೆ ನೋಡಲಿ. ಕೆಲಸವಿದ್ದವರ ಹೆಸರು ತಾನಾಗಿ ಬೀಳುತ್ತದೆ, ಇಲ್ಲದವರಿಗೆ ಹಣ ತಾನಾಗಿ ಹೋಗುತ್ತದೆ. ಮನುಷ್ಯರ ಕೈ ಕಡಿಮೆಯಾದಷ್ಟೂ ಲಂಚವೂ ವಿಳಂಬವೂ ಕಡಿಮೆ.

ಮೆಲ್ಬರ್ನ್ ಕನ್ನಡತಿ:
ದಯವಿಟ್ಟು ಇದನ್ನು ಓದಿ ಆಮೇಲೆ ಹೇಳಿ. ನಾನಿರುವ ದೇಶ ಇದನ್ನೇ ಮಾಡಿ ಬಹಳ ದೊಡ್ಡ ಬೆಲೆ ತೆತ್ತಿತು. ಆಸ್ಟ್ರೇಲಿಯಾದಲ್ಲಿ ನಿರುದ್ಯೋಗ ಭತ್ಯೆಯನ್ನು ಹದಿನೈದು ದಿನಕ್ಕೊಮ್ಮೆ ಕೊಡುತ್ತಾರೆ, ಆ ಹದಿನೈದು ದಿನದಲ್ಲಿ ಎಷ್ಟು ಗಳಿಸಿದಿರಿ ಎಂಬುದರ ಮೇಲೆ ಮೊತ್ತ ನಿರ್ಧಾರವಾಗುತ್ತದೆ. ತೆರಿಗೆ ಇಲಾಖೆಯ ಬಳಿ ಇರುವುದು ಇಡೀ ವರ್ಷದ ಆದಾಯ. 2016ರಿಂದ ಒಂದು ತಂತ್ರಾಂಶ ಈ ವಾರ್ಷಿಕ ಆದಾಯವನ್ನು 26ರಿಂದ ಭಾಗಿಸಿ, ಪ್ರತಿ ಹದಿನೈದು ದಿನಕ್ಕೂ ಅಷ್ಟೇ ಗಳಿಸಿದ್ದಾರೆಂದು ಊಹಿಸಿ, ಹಿಂದಿನ ವರ್ಷಗಳ ಭತ್ಯೆಯನ್ನು ‘ಹೆಚ್ಚುವರಿ ಪಾವತಿ’ ಎಂದು ವಾಪಸ್ ಕೇಳತೊಡಗಿತು. ಜನ ಇದನ್ನು ‘ರೋಬೋಡೆಟ್’ ಎಂದು ಕರೆದರು.

ಲೆಕ್ಕವನ್ನು ನೀವೇ ಮಾಡಿ ನೋಡಿ. ಒಬ್ಬಾತ ಆರು ತಿಂಗಳು ಕೆಲಸವಿಲ್ಲದೆ ಭತ್ಯೆ ಪಡೆದ, ಉಳಿದ ಆರು ತಿಂಗಳು ದುಡಿದು 26,000 ಡಾಲರ್ ಗಳಿಸಿದ ಎಂದುಕೊಳ್ಳೋಣ. ನಿಜದಲ್ಲಿ ಭತ್ಯೆ ಪಡೆದ ಅವಧಿಯಲ್ಲಿ ಅವನ ಗಳಿಕೆ ಸೊನ್ನೆ. ತಂತ್ರಾಂಶದ ಪ್ರಕಾರ ವರ್ಷವಿಡೀ ಹದಿನೈದು ದಿನಕ್ಕೆ 1,000 ಡಾಲರ್. ಅಲ್ಲಿಗೆ ಅವನು ಸುಳ್ಳು ಹೇಳಿ ಭತ್ಯೆ ಪಡೆದವನಾದ. ಅಲ್ಲವೆಂದು ಸಾಧಿಸುವ ಹೊರೆ ಅವನ ಮೇಲೆಯೇ ಬಿತ್ತು, ವರ್ಷಗಳ ಹಿಂದಿನ ಸಂಬಳದ ಚೀಟಿಗಳನ್ನು ಹುಡುಕಿ ತರಬೇಕಾಯಿತು. 2019ರಲ್ಲಿ ನ್ಯಾಯಾಲಯದಲ್ಲಿ ಸರ್ಕಾರವೇ ಈ ಕ್ರಮ ಕಾನೂನುಬದ್ಧವಲ್ಲವೆಂದು ಒಪ್ಪಬೇಕಾಯಿತು. 2021ರಲ್ಲಿ ನ್ಯಾಯಾಲಯ ಅಂಗೀಕರಿಸಿದ ಸಾಮೂಹಿಕ ದಾವೆಯ ಒಪ್ಪಂದದ ಮೌಲ್ಯ, ಮರಳಿಸಿದ ಮತ್ತು ಮನ್ನಾ ಮಾಡಿದ ಹಣವೂ ಸೇರಿ, ಸುಮಾರು 180 ಕೋಟಿ ಆಸ್ಟ್ರೇಲಿಯನ್ ಡಾಲರ್. ಕ್ಯಾಥರೀನ್ ಹೋಮ್ಸ್ ಅವರ ನೇತೃತ್ವದ ರಾಯಲ್ ಆಯೋಗ 2023ರ ಜುಲೈನಲ್ಲಿ ಕೊಟ್ಟ ವರದಿ, ಇದು ನ್ಯಾಯಯುತವೂ ಅಲ್ಲದ ಕಾನೂನುಬದ್ಧವೂ ಅಲ್ಲದ ಕ್ರೂರ ಕ್ರಮವಾಗಿತ್ತೆಂದು ಹೇಳಿತು. ಇದಕ್ಕೆ ಕಾನೂನಿನ ತಿದ್ದುಪಡಿ ಬೇಕಾಗುತ್ತದೆಂಬ ಸಲಹೆ ಇಲಾಖೆಯೊಳಗೆ ಮೊದಲೇ ಬಂದಿತ್ತೆಂಬುದೂ ವಿಚಾರಣೆಯಲ್ಲಿ ಹೊರಬಿತ್ತು. ಕೆಲವರು ಈ ಸಾಲದ ಪತ್ರಗಳ ಒತ್ತಡದಲ್ಲಿ ಪ್ರಾಣ ಕಳೆದುಕೊಂಡರು. ಅವರ ತಾಯಂದಿರು ಆಯೋಗದ ಮುಂದೆ ಸಾಕ್ಷಿ ನುಡಿದರು. ‘ತಾನಾಗಿ ಬೀಳುತ್ತದೆ’ ಎಂಬ ನಿಮ್ಮ ಮಾತು ಓದಿ ನನಗೆ ಇದೆಲ್ಲ ಹೇಳಲೇಬೇಕೆನಿಸಿತು.

ಡೆಟ್ರಾಯಿಟ್ ಹತ್ತಿರದವನು:
ನಮ್ಮ ಮಿಷಿಗನ್ ರಾಜ್ಯದ್ದೂ ಇದೇ ಕಥೆ. 2013ರ ಅಕ್ಟೋಬರ್‌ನಿಂದ 2015ರ ಆಗಸ್ಟ್‌ವರೆಗೆ ‘ಮೈಡಾಸ್’ ಎಂಬ ವ್ಯವಸ್ಥೆ ಸುಮಾರು 40,000 ಜನರ ಮೇಲೆ ನಿರುದ್ಯೋಗ ವಿಮೆಯ ವಂಚನೆಯ ಆರೋಪ ಹೊರಿಸಿತು. ಮನುಷ್ಯರು ನೋಡದೆ ಯಂತ್ರವೊಂದೇ ತೀರ್ಮಾನಿಸಿದ ಪ್ರಕರಣಗಳನ್ನು ಮತ್ತೆ ತೆರೆದಾಗ ಶೇ 93ರಷ್ಟು ತಪ್ಪಾಗಿದ್ದವು. ಅಷ್ಟರಲ್ಲಿ ಜನರ ಸಂಬಳವನ್ನೂ ತೆರಿಗೆ ಮರುಪಾವತಿಯನ್ನೂ ಜಪ್ತಿ ಮಾಡಿಯಾಗಿತ್ತು. ಸರ್ಕಾರದಿಂದ ಪರಿಹಾರ ಕೇಳಬಹುದೆಂದು ರಾಜ್ಯದ ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ.

ಗಣಕ ತಂತ್ರಜ್ಞ:
ಎರಡೂ ಉದಾಹರಣೆಗಳಲ್ಲಿ ತಪ್ಪಿದ್ದು ಲೆಕ್ಕದ ವಿಧಾನ, ದತ್ತಾಂಶ ತಾಳೆ ನೋಡುವ ಪದ್ಧತಿಯಲ್ಲ. ವಾರ್ಷಿಕ ಮೊತ್ತದ ಬದಲು ಭವಿಷ್ಯನಿಧಿಯ ತಿಂಗಳ ವಂತಿಗೆಯನ್ನೇ ನೋಡಿದರೆ ಈ ಸರಾಸರಿಯ ದೋಷ ಬರುವುದಿಲ್ಲ. ಆದರೂ ಯಂತ್ರ ತೋರಿಸಿದ್ದನ್ನು ಸುಳಿವು ಎಂದಷ್ಟೇ ತೆಗೆದುಕೊಂಡು, ನೋಟಿಸು ಕೊಟ್ಟು, ಮನುಷ್ಯನೊಬ್ಬ ನೋಡಿದ ಮೇಲೆ ನಿಲ್ಲಿಸಬೇಕು ಎಂಬ ಷರತ್ತನ್ನು ನನ್ನ ಸಲಹೆಗೆ ಸೇರಿಸುತ್ತೇನೆ.

ಮೆಲ್ಬರ್ನ್ ಕನ್ನಡತಿ:
ಹಾಗಿದ್ದರೆ ನಮ್ಮ ನಡುವೆ ಭಿನ್ನಾಭಿಪ್ರಾಯವಿಲ್ಲ. ಇನ್ನೊಂದು ಷರತ್ತನ್ನೂ ಸೇರಿಸಿ. ತಕರಾರು ಇತ್ಯರ್ಥವಾಗುವವರೆಗೆ ಹಣ ನಿಲ್ಲಬಾರದು.

ತೆರಿಗೆದಾರ:
ಅದನ್ನು ನಾನು ಒಪ್ಪುವುದಿಲ್ಲ. ತಕರಾರು ಹೂಡಿ ಎರಡು ವರ್ಷ ಎಳೆದರೆ 24 ತಿಂಗಳೂ ಮುಗಿಯುತ್ತದೆ, ಕೊಟ್ಟ ಹಣ ವಾಪಸ್ ಬರುವುದಿಲ್ಲ. ಬೇಕಾದರೆ 30 ದಿನದಲ್ಲಿ ತಕರಾರು ತೀರ್ಮಾನಿಸಲೇಬೇಕು, ಇಲ್ಲದಿದ್ದರೆ ಹಣ ಬಿಡುಗಡೆ ಮಾಡಬೇಕು ಎಂದು ಬರೆಯಿರಿ.

ಕೋಲಾರದ ಉಪನ್ಯಾಸಕಿ:
ಸರ್ಕಾರ ಎಂದಾಗ ನಾವು ಇಲಾಖೆಯೊಂದನ್ನೇ ನೋಡುತ್ತಿದ್ದೇವೆ. ಯುವನಿಧಿಗೆ ಅರ್ಜಿ ಹಾಕುವಾಗ ಪದವಿಯ ವಿವರ ನ್ಯಾಡ್‌ನಲ್ಲಿ, ಅಂದರೆ ರಾಷ್ಟ್ರೀಯ ಶೈಕ್ಷಣಿಕ ಠೇವಣಿಯಲ್ಲಿ, ಇರಬೇಕು. ಅದನ್ನು ಏರಿಸಬೇಕಾದದ್ದು ವಿಶ್ವವಿದ್ಯಾಲಯ. ಒಂದು ವಿಷಯದ ಫಲಿತಾಂಶ ತಡೆಹಿಡಿದಿದ್ದರೂ, ಆಧಾರ್‌ನಲ್ಲಿ ತಂದೆಯ ಹೆಸರು ಸೇರಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್ ಇದ್ದರೂ ಮಕ್ಕಳು ಸಿಕ್ಕಿಬೀಳುತ್ತಾರೆ. ಹಾಗೆ ಹೆಸರು ಹೊಂದದ ವಿದ್ಯಾರ್ಥಿಯೊಬ್ಬಳ ತಿದ್ದುಪಡಿಗಾಗಿ ನಾನೇ ಓಡಾಡಿದ್ದೇನೆ. ಕಾಲೇಜಿನಿಂದ ಪತ್ರ, ಪತ್ರಕ್ಕೆ ಶುಲ್ಕ, ಶುಲ್ಕದ ಚಲನ್, ಚಲನ್‌ಗೆ ಮತ್ತೊಂದು ಸಹಿ. ವಿಶ್ವವಿದ್ಯಾಲಯದ ವಿಳಂಬದಿಂದ ಕಳೆದ ತಿಂಗಳುಗಳ ಭತ್ಯೆಯನ್ನು ಅವಳಿಗೆ ಯಾರು ಕೊಡಬೇಕು? ತೇರ್ಗಡೆಯಾಗಿ 180 ದಿನ ಕೆಲಸ ಸಿಗದಿದ್ದರೆ ಅರ್ಹತೆ ಎಂದ ಮೇಲೆ, ದಾಖಲೆ ಏರಿಸಿದ್ದು ಯಾವಾಗಲೇ ಆಗಲಿ, ಅರ್ಹತೆಯ ದಿನದಿಂದಲೇ ಹಣ ಲೆಕ್ಕವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಬಯಲುಸೀಮೆ:
ಇಷ್ಟೆಲ್ಲ ಚರ್ಚೆಗಿಂತ ಆ ಹಣವನ್ನು ತರಬೇತಿಗೆ ಹಾಕಿ ಕೆಲಸ ಕೊಡಿಸಿದರೆ ಆಗದೇ? ಕೈಯಲ್ಲಿ ಪುಕ್ಕಟೆ ಹಣವಿದ್ದರೆ ಹುಡುಗರು ಕೆಲಸ ಹುಡುಕುವುದಿಲ್ಲ.

ಭದ್ರಾದಂಡೆ:
ಬಯಲುಸೀಮೆಯವರೇ, ನನ್ನ ತಂಗಿಯ ಲೆಕ್ಕದ ಪುಸ್ತಕ ನನ್ನ ಮುಂದೆಯೇ ಇದೆ. ಲೋಕಸೇವಾ ಆಯೋಗದ ಒಂದು ಅರ್ಜಿಗೆ ಸಾಮಾನ್ಯ ವರ್ಗದವರಿಗೆ 600 ರೂಪಾಯಿ ಶುಲ್ಕ. ಪರೀಕ್ಷಾ ಕೇಂದ್ರ ಬೇರೆ ಜಿಲ್ಲೆಗೆ ಬಿದ್ದರೆ ಒಂದು ರಾತ್ರಿ ತಂಗುವ ಖರ್ಚು. ಪ್ರಶ್ನೆಪತ್ರಿಕೆಗಳ ಜೆರಾಕ್ಸ್, ಗ್ರಂಥಾಲಯದ ಠೇವಣಿ, ಇಂಟರ್ನೆಟ್. ಹಣ ಬರುತ್ತಿದ್ದಾಗ ಅವಳು ಎಲ್ಲ ಅಧಿಸೂಚನೆಗಳಿಗೂ ಅರ್ಜಿ ಹಾಕುತ್ತಿದ್ದಳು. ನಿಂತ ಮೇಲೆ ಆಯ್ದು ಹಾಕುತ್ತಿದ್ದಾಳೆ. ಕೆಲಸ ಹುಡುಕುವುದಕ್ಕೂ ಹಣ ಬೇಕು.

ಸುಳ್ಯದ ಓದುಗ:
ಉದ್ಯೋಗ ಖಾತರಿಯಲ್ಲಿ ಯಾರಿಗೆ ಎಷ್ಟು ಕೂಲಿ ಬಂತೆಂಬುದನ್ನು ಹೆಸರು ಸಮೇತ ಅಂತರ್ಜಾಲದಲ್ಲಿ ನೋಡಬಹುದಿತ್ತು. ಸಾಮಾಜಿಕ ಪರಿಶೋಧನೆಗೆ ಅದರಿಂದ ದೊಡ್ಡ ಸಹಾಯವಾಯಿತು. ಸರ್ಕಾರಿ ಯೋಜನೆಗಳ ವಿವರ ಹಾಕುವ ನಮ್ಮ ರಾಜ್ಯದ ‘ಮಾಹಿತಿ ಕಣಜ’ ಜಾಲತಾಣದಲ್ಲೂ ಯುವನಿಧಿ ಫಲಾನುಭವಿಗಳ ಹೆಸರು ಹಾಕಿದರೆ ತೆರಿಗೆದಾರರು ಹೇಳುವ ಸುಳ್ಳು ಫಲಾನುಭವಿಗಳನ್ನು ಊರಿನವರೇ ಹಿಡಿದುಕೊಡುತ್ತಾರೆ.

ಕೋಲಾರದ ಉಪನ್ಯಾಸಕಿ:
ಬೇಡ. ಓದಿ ಕೆಲಸವಿಲ್ಲದೆ ಕುಳಿತ ಹುಡುಗಿಯ ಹೆಸರನ್ನು ಊರಿಗೆಲ್ಲ ಕಾಣುವಂತೆ ಹಾಕಿದರೆ, ಅವಳು ಭತ್ಯೆಯನ್ನೇ ಬಿಟ್ಟುಬಿಡುತ್ತಾಳೆ. ಹೆಸರು ಬೇಕಿಲ್ಲ, ತಾಲ್ಲೂಕುವಾರು ಸಂಖ್ಯೆ ಸಾಕು: ಈ ತಿಂಗಳು ಎಷ್ಟು ಅರ್ಜಿ ಬಂದವು, ಎಷ್ಟು ಮಂದಿಗೆ ಹಣ ಹೋಯಿತು, ಎಷ್ಟು ತಡೆಯಾದವು, ತಡೆಗೆ ಕಾರಣವೇನು. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನ ಪ್ರಕಾರ ಇಂಥ ವಿವರವನ್ನು ಯಾರೂ ಕೇಳದೆಯೇ ಇಲಾಖೆ ತಾನಾಗಿ ಪ್ರಕಟಿಸಬೇಕು. ಇವತ್ತು ಗ್ಯಾರಂಟಿಗಳ ಜಾಹೀರಾತಿನಲ್ಲಿ ಕೊಟ್ಟ ಹಣದ ಮೊತ್ತ ಎದ್ದು ಕಾಣುತ್ತದೆ. ಕೊಡದೆ ಉಳಿದವರ ಸಂಖ್ಯೆಯೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಇರಲಿ.

ಹಳೆಯ ಖಜಾನೆಯವನು:
ಸರ್ಕಾರಿ ಸೇವೆಗಳಿಗೆ ಗಡುವು ಹಾಕಿರುವ ಸಕಾಲ ಕಾಯ್ದೆಯಲ್ಲಿ ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರವಿದೆ. ಅದನ್ನು ಹೊಣೆಗಾರ ಅಧಿಕಾರಿಯ ಸಂಬಳದಿಂದ ಕೊಡಿಸಬಹುದು. 2012ರಲ್ಲಿ ಅದು ಜಾರಿಗೆ ಬಂದಾಗ ಕಚೇರಿಗಳಲ್ಲಿ ಹುಟ್ಟಿದ ಚುರುಕನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊತ್ತ ದೊಡ್ಡದಲ್ಲ, ಆದರೆ ಸೇವಾ ದಾಖಲೆಗೆ ಮಸಿ ಬೀಳುತ್ತದೆ ಎಂಬ ಅಂಜಿಕೆ ಇತ್ತು. ಯುವನಿಧಿಯ ಮಾಸಿಕ ಪಾವತಿಗೂ ತಡೆಯ ಕಾರಣ ತಿಳಿಸುವುದಕ್ಕೂ ಇಂಥದೇ ಕಟ್ಟು ಬೀಳಬೇಕು.

ಕಾನೂನು ವಿದ್ಯಾರ್ಥಿ:
ಭದ್ರಾದಂಡೆಯವರೇ, ಈಗ ಮಾಡಬಹುದಾದದ್ದನ್ನು ಹೇಳುತ್ತೇನೆ. ಯೋಜನೆ ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಇಲಾಖೆಯದು. ಅಲ್ಲಿನ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ತಂಗಿಯ ಹೆಸರಿನಲ್ಲೇ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿಸಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು ಮತ್ತು ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಆದ್ದರಿಂದ ಕಷ್ಟ ಹೇಳಿಕೊಳ್ಳಲು ಹೋಗಬೇಡಿ. ಅರ್ಜಿ ಸಂಖ್ಯೆ ಬರೆದು ಮೂರು ಸಂಗತಿ ಕೇಳಿ: ಹಣ ಬಾರದ ತಿಂಗಳುಗಳ ಪಾವತಿ ಪಟ್ಟಿಯಲ್ಲಿ ಈ ಹೆಸರು ಇತ್ತೇ, ಇಲ್ಲದಿದ್ದರೆ ತೆಗೆದ ಆದೇಶ ಅಥವಾ ಟಿಪ್ಪಣಿಯ ಪ್ರತಿ, ಆ ತೀರ್ಮಾನ ಕೈಗೊಂಡ ಅಧಿಕಾರಿಯ ಹುದ್ದೆ. ‘ಯಾಕೆ ಕೊಟ್ಟಿಲ್ಲ’ ಎಂದು ಕೇಳಿದರೆ ಅದು ಮಾಹಿತಿಯಲ್ಲವೆಂದು ತಳ್ಳಿಹಾಕುವ ಅವಕಾಶವಿದೆ. ದಾಖಲೆಯ ಪ್ರತಿ ಕೇಳಿದರೆ ಆ ಅವಕಾಶವಿಲ್ಲ. 30 ದಿನ ಕಳೆದರೂ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಪ್ರಥಮ ಮೇಲ್ಮನವಿ.

ಗ್ರಾಮ ಒನ್ ನಿರ್ವಾಹಕ:
ಜತೆಗೆ 1902ಕ್ಕೆ ಕರೆ ಮಾಡಿ ರಾಜ್ಯ ಸರ್ಕಾರದ ಕುಂದುಕೊರತೆ ವ್ಯವಸ್ಥೆಯಾದ ಜನಸ್ಪಂದನದಲ್ಲಿ ದೂರು ದಾಖಲಿಸಿ, ದೂರಿನ ಸಂಖ್ಯೆ ಪಡೆದುಕೊಳ್ಳಿ. ನಮ್ಮ ಕೇಂದ್ರಕ್ಕೆ ಬರುವವರಿಗೆ ನಾನು ಅದನ್ನೂ ಮಾಡಿಕೊಡುತ್ತೇನೆ. ಇದಕ್ಕೆ ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಸುಳ್ಯದ ಓದುಗ:
ಎಚ್.ಎಂ. ರೇವಣ್ಣ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಮಟ್ಟದ ಗ್ಯಾರಂಟಿ ಅನುಷ್ಠಾನ ಪ್ರಾಧಿಕಾರ ರಚನೆಯಾಗಿ, ಜಿಲ್ಲೆ ಮತ್ತು ತಾಲ್ಲೂಕುಗಳಲ್ಲೂ ಸಮಿತಿಗಳಿವೆಯಲ್ಲ, ಅವುಗಳ ಮುಂದೆ ಇಡಬಾರದೇ?

ರಾಯಚೂರಿನ ಸಹಾಯಕಿ:
ಇಡಬೇಕು. ಆದರೆ ಆ ಸಮಿತಿಗಳಿಗೆ ನೇಮಕವಾದವರಲ್ಲಿ ಆಡಳಿತ ಪಕ್ಷದ ಕಾರ್ಯಕರ್ತರೇ ಹೆಚ್ಚು ಎಂಬ ಟೀಕೆ ವಿಧಾನಮಂಡಲದಲ್ಲೇ ಎದ್ದಿತ್ತು ಎಂಬುದನ್ನೂ ನೆನಪಿಡಿ. ಯೋಜನೆ ನಡೆಸುವವರೇ ಅದರ ಲೋಪಗಳ ತನಿಖೆಯನ್ನೂ ಮಾಡುವಂತಾಗಬಾರದು. ಸಭೆಗೆ ಹೋದರೆ ಮನವಿ ಕೊಟ್ಟು ಬರಬೇಡಿ, ಅದನ್ನು ನಡಾವಳಿಯಲ್ಲಿ ಬರೆಸಿ, ನಡಾವಳಿಯ ಪ್ರತಿ ಪಡೆಯಿರಿ.

ಭದ್ರಾದಂಡೆ:
ಎಲ್ಲರಿಗೂ ಧನ್ಯವಾದ. ಮಾಹಿತಿ ಹಕ್ಕಿನ ಅರ್ಜಿಯನ್ನು ತಂಗಿಯೇ ಬರೆಯುತ್ತಿದ್ದಾಳೆ. ಒಂದು ಸಂದೇಹ ಉಳಿದಿದೆ. ಇಲಾಖೆಯ ಪಟ್ಟಿ, ಖಜಾನೆಯ ಪಾವತಿ, ಎರಡನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದೇ?

ಹಳೆಯ ಖಜಾನೆಯವನು:
ಬೇರೆ ಬೇರೆ ಹಾಕಿಸಮ್ಮ ಎಂದು ತಂಗಿಗೆ ಹೇಳಿ. ಪಟ್ಟಿಯದ್ದು ಇಲಾಖೆಗೆ, ಪಾವತಿ ವಿಫಲವಾಗಿ ಮರಳಿದ್ದರ ವಿವರ ಖಜಾನೆಗೆ. ಒಂದೇ ಅರ್ಜಿಯಲ್ಲಿ ಎರಡನ್ನೂ ಕೇಳಿದರೆ ಒಂದು ಭಾಗವನ್ನು ವರ್ಗಾಯಿಸಿದ್ದೇವೆ ಎಂಬ ಪತ್ರ ಬರುತ್ತದೆ, ಆ ಪತ್ರದ ಬೆನ್ನು ಹತ್ತುವುದರಲ್ಲೇ ತಿಂಗಳು ಹೋಗುತ್ತದೆ. ಎರಡಕ್ಕೂ ತಲಾ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ, ರಸೀದಿ ಜೋಪಾನ.